ಕೊನೆಗೌಡನಿಗೆ ಕೂಲಿ, ಮುಯ್ಯಾಳಿಗೆ ಊಟ

ಸಂಬಳ ಹೊಕ್ಕರೆ ಮುಕ್ತ ತಂತ್ರಾಂಶದ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ತಂತ್ರಾಂಶ) ಸ್ವಯಂಸೇವೆ ಸಾಯುತ್ತದೆ ಎಂದಿದ್ದೀರಿ. ಅರ್ಧ ಸರಿ. 2006ರಲ್ಲಿ ಡಂಕ್-ಟ್ಯಾಂಕ್ ಎಂಬ ಪ್ರಯೋಗ, ಸ್ವಯಂಸೇವಕರು ಕಟ್ಟುವ ಕಾರ್ಯಾಚರಣ ವ್ಯವಸ್ಥೆ ಡೆಬಿಯನ್‌ನ ಇಬ್ಬರು ಬಿಡುಗಡೆ ನಿರ್ವಾಹಕರಿಗೆ ದುಡ್ಡು ಕೊಟ್ಟಿತು. ಕೆಲವರು ಮುನಿಸಿಕೊಂಡು ಕೈ ನಿಧಾನಿಸಿದರು. ಡಿಸೆಂಬರಿಗೆ ಬರಬೇಕಿದ್ದ 4.0 ಆವೃತ್ತಿ ಬಂದದ್ದು 2007ರ ಏಪ್ರಿಲ್‌ನಲ್ಲಿ. ನನ್ನ ಪ್ರಕಾರ ತಪ್ಪು ದುಡ್ಡಿನದಲ್ಲ, ಎಲ್ಲರೂ ಪುಕ್ಕಟೆ ದುಡಿಯುವಲ್ಲಿ ಇಬ್ಬರನ್ನಷ್ಟೇ ಆರಿಸಿದ್ದು.

ಮುಕ್ತ ತಂತ್ರಾಂಶ ಯೋಜನೆಗಳನ್ನು ಪೋಷಿಸುವ ಅಪಾಚೆ ಫೌಂಡೇಶನ್ ಸರ್ವರ್ ನೋಡಿಕೊಳ್ಳುವವರಿಗೆ ಸಂಬಳ ಕೊಡುತ್ತದೆ, ಕೋಡ್ ಬರೆಯಲು ಕಾಸು ಬಿಚ್ಚುವುದಿಲ್ಲ. ಕಮಿಟ್ ಹಕ್ಕು, ಅಂದರೆ ಮೂಲ ಕೋಡಿಗೆ ನೇರವಾಗಿ ಬದಲಾವಣೆ ಸೇರಿಸುವ ಅಧಿಕಾರ, ಕೆಲಸ ನೋಡಿ ವ್ಯಕ್ತಿಗೆ ಸಿಗುತ್ತದೆ. ಆತ ತನಗೆ ಸಂಬಳ ಕೊಡುವ ಕಂಪನಿ ಬಿಟ್ಟರೂ ಅದು ಉಳಿಯುತ್ತದೆ.

ನಮ್ಮ ಶಿರಸಿ ಕಡೆ ಅಡಿಕೆ ಸುಲಿಯಲು ಮುಯ್ಯಾಳು (ಕೆಲಸಕ್ಕೆ ಬದಲು ಕೆಲಸ, ಜೊತೆಗೆ ಊಟ), ಮರ ಹತ್ತುವ ಕೊನೆಗೌಡನಿಗೆ ಕೂಲಿ. ತಕರಾರಿಲ್ಲ, ದರ ಮೊದಲೇ ಗೊತ್ತಲ್ಲ! ತಂತ್ರಾಂಶಗಳ ಕನ್ನಡ ಅನುವಾದ ತಂಡಗಳೂ ಕೊಡುವ ಮೊತ್ತ, ಅವಧಿ ಮೊದಲೇ ಪ್ರಕಟಿಸಲಿ. ಸಂಬಳದವರು ಕಳಿಸುವ ತಿದ್ದುಪಡಿಯನ್ನೂ (ಪ್ಯಾಚ್) ಇನ್ನೊಬ್ಬರು ಪರಿಶೀಲಿಸಲಿ. ಕಮಿಟ್ ಹಕ್ಕನ್ನು ಮಾತ್ರ ನೇಮಕಾತಿ ಪತ್ರದ ಜೊತೆ ಕೊಡಬೇಡಿ.