ಆಲಮಟ್ಟಿಯ 519.60 ಮೀಟರ್ ನೀರಿನ ಆಳವಲ್ಲ: ಸ್ಪಷ್ಟನೆ

‘ಆಲಮಟ್ಟಿ ಜಲಾಶಯದಲ್ಲಿ 519 ಮೀಟರ್ ಆಳದ ನೀರು ನಿಂತಿದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶವೊಂದು ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಹರಿದಾಡುತ್ತಿದ್ದು, ಅದು ತಪ್ಪು. ಜಲಾಶಯದ ಗರಿಷ್ಠ ಮಟ್ಟವಾದ 519.60 ಮೀಟರ್ ಎಂಬುದು ಸಮುದ್ರ ಮಟ್ಟದಿಂದ ಅಳೆದ ಎತ್ತರವೇ ಹೊರತು ಆಳವಲ್ಲ. ಅಣೆಕಟ್ಟೆಯ ಎತ್ತರವೇ ಸುಮಾರು 52 ಮೀಟರ್. (ಸಂದೇಶ ಬರೆದವರು ಒಮ್ಮೆ ಅದರ ಮೇಲೆ ನಿಂತು ಕೆಳಗೆ ನೋಡಿದ್ದರೆ ಸಾಕಿತ್ತು.)

ಕಡಲೇ ಇಲ್ಲದ ನಮ್ಮ ಸೀಮೆಗೆ ಈ ಅಳತೆ ಬಂದದ್ದು ಕಾರವಾರವೂ ಸೇರಿದಂತೆ ಒಂಬತ್ತು ಬಂದರುಗಳ ಉಬ್ಬರವಿಳಿತ ಮಾಪಕಗಳಿಂದ. ಕಡಲಿಗೆ ಸಣ್ಣ ರಂಧ್ರದಿಂದಷ್ಟೇ ಕೂಡಿಕೊಂಡ, ಬಾವಿಯಂಥ ಕೊಳವೆಯೊಳಗೆ ಅಲೆಗಳ ಕುಲುಕಾಟ ತಟ್ಟದೆ ತೇಲುಬೆಂಡೊಂದು ನಿಧಾನವಾಗಿ ಏರಿಳಿಯುತ್ತದೆ. ಅದಕ್ಕೆ ಕಟ್ಟಿದ ತಂತಿಯ ಎಳೆತಕ್ಕೆ ಲೇಖನಿಯು ತಿರುಗುವ ಉರುಳೆಯ ಕಾಗದದ ಮೇಲೆ ಗೆರೆ ಬರೆಯುತ್ತದೆ. ವರ್ಷಗಟ್ಟಲೆ ಬರೆದ ಅಂಥ ಗೆರೆಗಳ ಸರಾಸರಿಯನ್ನೇ ಶೂನ್ಯವೆಂದು ಹಿಡಿದು, ಅಲ್ಲಿಂದ ಒಳನಾಡಿನವರೆಗೆ ಲೆವೆಲಿಂಗ್ (ಒಂದು ಜಾಗದಿಂದ ಮುಂದಿನ ಜಾಗಕ್ಕಿರುವ ಎತ್ತರದ ವ್ಯತ್ಯಾಸವನ್ನು ಹಂತಹಂತವಾಗಿ ಅಳೆಯುವ ಕೆಲಸ) ಮಾಡಿ, ಭಾರತೀಯ ಸರ್ವೇಕ್ಷಣಾ ಇಲಾಖೆಯು 1909ರಲ್ಲಿ ದೇಶದ ಎತ್ತರಗಳನ್ನು ಹೊಂದಿಸಿತು.