ಚಿತ್ರಗುಪ್ತನ ಪಾಲು

ಶಿರಸಿ ಕಡೆ ಮದುವೆ ಊಟಗಳಿಗೆ ಟೇಬಲ್ಲು ಬಂದದ್ದೇ ಬಂದದ್ದು, ಬೆನ್ನಿಗೇ ಪೇಪರ್ ರೋಲೂ ಬಂತು. ಈ ತುದಿಯಿಂದ ಆ ತುದಿಗೆ ಸರ್ರನೆ ಎಳೆದು ಮೇಲೆ ಬಾಳೆಎಲೆ ಹಾಕುವುದು, ಉಂಡಾದ ಮೇಲೆ ಎಲ್ಲವನ್ನೂ ಸುತ್ತಿ ಎತ್ತುವುದು. ಕ್ಲೀನ್ ಮಾಡುವವರಿಗೆ ಸುಖವೇ. ಉಣ್ಣುವ ಮೊದಲು ಎಲೆಗೆ ನೀರು ಸುತ್ತಿ, ಚಿತ್ರಗುಪ್ತನಿಗೆಂದು ನಾಲ್ಕು ಅಗುಳು ಬದಿಗಿಡುವವರ ಗತಿ ಏನು? ಬಿಟ್ಟ ನೀರನ್ನೆಲ್ಲ ಕಾಗದ ಕುಡಿದು, ಎಲೆ ಒಂಚೂರು ಸರಿಸಿದರೂ ಪಿಸಿದು ಬರುತ್ತದೆ. ಪಕ್ಕದಲ್ಲಿಟ್ಟ ಅಗುಳುಗಳು ಆ ಮುದ್ದೆಯಲ್ಲಿ ಸೇರಿಹೋದರೆ ತನ್ನ ಪಾಲು ಯಾವುದೆಂದು ಸಾಕ್ಷಾತ್ ಚಿತ್ರಗುಪ್ತನಿಗೂ ತಿಳಿಯಲಿಕ್ಕಿಲ್ಲ.

ದಿನನಿತ್ಯದ ಬದುಕಿನಲ್ಲೇ ಕಾಣದ್ದನ್ನು ಕಾಣಬೇಕು ಎಂದು ತಾಸುಗಟ್ಟಲೆ ಉಪದೇಶಿಸುವವರೂ ಇದೇ ಟೇಬಲ್ಲಿಗೆ ಕೂರುತ್ತಾರೆ. ಪ್ರಾಣಾಹುತಿ, ಅಂದರೆ ಊಟದ ಮೊದಲ ಐದು ತುತ್ತು, ಮುಗಿಯುವವರೆಗೆ ಎಡಗೈ ಎಲೆಯನ್ನು ಮುಟ್ಟಿಕೊಂಡಿರಬೇಕು. ಅವರ ಎಡಗೈಯಲ್ಲಿ ಮೊಬೈಲು.

ಕ್ರಮವೇನೂ ಉದ್ದದ್ದಲ್ಲ. ಅನ್ನ, ತುಪ್ಪ ಬಿದ್ದ ಮೇಲೆ ಪ್ರದಕ್ಷಿಣವಾಗಿ ನೀರು ಸುತ್ತುವ ಪರಿಷೇಚನೆ. ಮಂತ್ರ ಹಗಲಿಗೆ ‘ಸತ್ಯಂ ತ್ವರ್ತೇನ’, ರಾತ್ರಿಗೆ ‘ಋತಂ ತ್ವಾ ಸತ್ಯೇನ’. ಎಲೆಯ ಬಲಬದಿಗೆ ಚಿತ್ರ, ಚಿತ್ರಗುಪ್ತ, ಯಮನ ಹೆಸರಿನಲ್ಲಿ ನಾಲ್ಕಾರು ಅಗುಳು. ಕೆಲವರಲ್ಲಿ ಸರ್ವಭೂತಗಳಿಗೂ ಉಂಟು. ಅಂಗೈಯಲ್ಲಿ ಉದ್ದಿನಕಾಳು ಮುಳುಗುವಷ್ಟೇ ನೀರು ಹಾಕಿಕೊಂಡು ಕುಡಿಯುವ ಆಪೋಶನ. ಆಮೇಲೆ ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂಬ ಐದು ಪ್ರಾಣವಾಯುಗಳಿಗೆ ಐದು ತುತ್ತು, ಹಲ್ಲಿಗೆ ತಾಗದಂತೆ. ತುತ್ತು ದೊಡ್ಡದಾದರೆ ಗಂಟಲಿಗೆ ಸಿಕ್ಕುತ್ತದೆ, ಅನ್ನ ಹೊಗೆಯಾಡುತ್ತಿದ್ದರೆ ಸುಡುತ್ತದೆ. ಐದು ಮುಗಿಯುವ ಮೊದಲೇ ಸಾರು ಸುರಿಯುವ ಬಡಿಸುವವರಿಗೆ ಯಾವ ನರಕವೆಂದು ನೋಡಿಕೊಳ್ಳಲು ಯಮ ಹೇಗೂ ಅಲ್ಲೇ ಇರುತ್ತಾನೆ.

ಹಸಿದವನು ಮೊದಲು ತನ್ನದಲ್ಲದ ನಾಲ್ಕು ಅಗುಳನ್ನು ಬದಿಗೆ ತೆಗೆದಿಡುತ್ತಾನಲ್ಲ, ಅದರಲ್ಲೇನೋ ಇದೆ. ಅದನ್ನು ಹೇಳಹೊರಡುವಷ್ಟರಲ್ಲಿ ಅಪ್ಪೆಹುಳಿ ಬರುತ್ತದೆ.

ಅಪ್ಪೆಹುಳಿ ಬಂದ ಮೇಲೆ ಬೇರೆ ಮಾತಿಲ್ಲ. ಸೊನೆಯ ಘಮ ಇರುವ ಅಪ್ಪೆಮಾವನ್ನೇ ಬೇಯಿಸಿ, ಕಿವುಚಿ, ನೀರು ಬೆರೆಸಿ ಸಾರಿಗಿಂತಲೂ ತೆಳ್ಳಗೆ ಮಾಡಬೇಕು. ಉಪ್ಪು, ಚೂರೇ ಚೂರು ಬೆಲ್ಲ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಸೂಜಿಮೆಣಸು, ಇಂಗಿನ ಒಗ್ಗರಣೆ. ಒಗ್ಗರಣೆ ಹಾಕಿ ಮತ್ತೆ ಕುದಿಸಿದರೆ ಘಮ ಹಾರಿಹೋಗುತ್ತದೆ. ಬೆಲ್ಲ ಹೆಚ್ಚಾದರೆ ಅದು ಪಾನಕ. ಕುಡಿಯುವುದು ಅಂಗೈಯಲ್ಲೇ, ನಾಲ್ಕೂ ಬೆರಳು ಬಿಗಿಯಾಗಿ ಸೇರಿಸಿ. ಸೋರುವುದು ಯಾವಾಗಲೂ ಕಿರುಬೆರಳಿನ ಕಡೆಯಿಂದ. ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಅಪ್ಪೆಹುಳಿಯನ್ನು ಎಲೆಯ ಮೇಲೆ ನಿಲ್ಲಿಸುವ ವಿದ್ಯೆಗೆ ಮಾತ್ರ ಯಾವ ಮಾನ್ಯತೆಯೂ ಇಲ್ಲ.

ಅದು ನಿಲ್ಲುವುದಿಲ್ಲ. ಎಲೆಯ ಕುಡಿ ಎಡಕ್ಕೆ, ಕೊಯ್ದ ಅಗಲದ ಬಾಯಿ ಬಲಕ್ಕೆ. ನಡುವಿನ ದಿಂಡು ಒಡ್ಡಿನಂತೆ ಅಡ್ಡ ನಿಂತು ಮೇಲಿನ ಪಲ್ಯ-ಕೋಸಂಬರಿಯನ್ನೇನೋ ಕಾಯುತ್ತದೆ. ಕೆಳಭಾಗದ ಗೀರುಗಳು ಬಿದ್ದದ್ದನ್ನೆಲ್ಲ ಉಣ್ಣುವವನ ಪಂಚೆಯ ಕಡೆಗೆ ಸಾಗಿಸುತ್ತವೆ. ಉಳಿದದ್ದಕ್ಕೆ ಬಲಗಡೆಯ ತೆರೆದ ಬಾಯಿ ಇದೆ. ಅಲ್ಲಿರುವುದೇ ಚಿತ್ರಾಹುತಿ, ಚಿತ್ರಗುಪ್ತಾದಿಗಳಿಗೆ ಇಟ್ಟ ಅಗುಳು. ಅನ್ನದ ಕಟ್ಟೆ ಕಟ್ಟಿದರೂ ಎರಡನೇ ಸೌಟಿಗೆ ಒಡೆಯುತ್ತದೆ. ಹೀಗೆ ಹರಿದುಹೋದದ್ದೂ ಚಿತ್ರಗುಪ್ತನಿಗೇ ಸಂದಿತು ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಅದು ಶಾಸ್ತ್ರವಲ್ಲ, ಸೋಮಾರಿತನ.

ಪೇಪರ್ ರೋಲಿನ ಕಾಲದಲ್ಲಿ ಉಪಾಯ ಒಂದೇ. ಕೂತ ಕೂಡಲೇ ಆ ಅಗುಳಿಡಲಿಕ್ಕೆ ಅಂಗೈಯಗಲದ ಬಾಳೆಎಲೆಯ ತುಂಡೊಂದನ್ನು ಕೇಳಿ ತರಿಸಿ, ಬಲಬದಿಗೆ ನಾಲ್ಕು ಬೆರಳು ದೂರದಲ್ಲಿ ಇಟ್ಟುಕೊಳ್ಳಬೇಕು. ಬಡಿಸುವ ಹುಡುಗ ಅದಕ್ಕೂ ಒಂದು ಉಪ್ಪಿನಕಾಯಿ ಹಾಕಿ ಮುಂದೆ ಹೋಗುತ್ತಾನೆ.