ಗಂಡೋ ಹೆಣ್ಣೋ ಆಮೇಲೆ ನೋಡೋಣ, ಮೊದಲು ಆ ಪ್ಲಗ್ ಹಾಕಿ

ಹಾವಿನ ಮರಿ ಕಂಡ ತಕ್ಷಣ ನಮ್ಮ ಜನ ಕೇಳುವ ಮೊದಲ ಪ್ರಶ್ನೆ "ಕಚ್ಚುತ್ತಾ?" ಎರಡನೆಯದು "ಗಂಡಾ, ಹೆಣ್ಣಾ?" ಅಲ್ಲಿಗೆ ಪ್ರಶ್ನೆಗಳು ಮುಗಿದವು. "ಪಾಪ, ಇದಕ್ಕೆ ಚಳಿ ಆಗ್ತಿದೆಯಾ?" ಅಂತ ಒಬ್ಬರಾದರೂ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ನಿನ್ನೆ ಸಂಜೆಯ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಮೊದಲೇ ಹೇಳಿಬಿಟ್ಟಿದ್ದೇನೆ.

ಮಿನೆಸೋಟಾದ ಜನವರಿ ಹೇಗಿರುತ್ತದೆ ಅಂತ ಇಲ್ಲಿರುವವರಿಗೆ ಹೇಳಬೇಕಿಲ್ಲ. ಊರಿನವರಿಗಾಗಿ ಹೇಳುತ್ತೇನೆ: ಹೊರಗೆ ಮೈನಸ್ 20 ಡಿಗ್ರಿ. ಗೆಳೆಯರ ಮನೆಗೆ ಊಟಕ್ಕೆ ಹೋಗಿದ್ದೆವು. ಅವರ ಮಗನಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ಕಾರ್ನ್ ಸ್ನೇಕ್ ಮರಿ ಬಂದಿದೆ. ಕಿತ್ತಳೆ ಮೈ, ಬೆನ್ನ ಮೇಲೆ ಕೆಂಪು ಮಚ್ಚೆ, ಒಂದು ಪೆನ್ಸಿಲ್‌ನಷ್ಟು ದಪ್ಪ. ವಿಷವಿಲ್ಲದ ಸಾಧು ಪ್ರಾಣಿ, ನಮ್ಮ ಕೇರೆ ಹಾವಿನ ದೂರದ ನೆಂಟ ಅಂದುಕೊಳ್ಳಿ. ಅದರ ಗಾಜಿನ ತೊಟ್ಟಿಯನ್ನು ಎಲ್ಲಿಟ್ಟಿದ್ದಾರೆ? ಕಿಟಕಿಗೆ ಅಂಟಿಸಿಕೊಂಡ ಹಾಗೆ. "ಅಲ್ಲಿ ಚೆನ್ನಾಗಿ ಕಾಣುತ್ತೆ" ಅಂತೆ. ಗಾಜಿನ ಮೇಲೆ ಕೈ ಇಟ್ಟೆ, ಬೆರಳು ಜುಮ್ಮೆಂದಿತು. ಕೆಳಗೆ ಹೀಟ್ ಮ್ಯಾಟ್ ಇತ್ತು. ವೈರೂ ಇತ್ತು. ಪ್ಲಗ್ ಮಾತ್ರ ನೆಲದ ಮೇಲೆ ಬಿದ್ದಿತ್ತು. ಯಾಕೆಂದರೆ ಆ ಸಾಕೆಟ್‌ನಲ್ಲಿ ಕ್ರಿಸ್‌ಮಸ್ ಮರದ ದೀಪಗಳು ಮಿಣುಕುತ್ತಿದ್ದವು. ಹಬ್ಬ ಮುಗಿದು ಎಷ್ಟೋ ದಿನ ಆಯಿತು, ಮರ ಇನ್ನೂ ನಿಂತಿದೆ.

ನಾನು ಅದನ್ನು ಹೇಳುವಷ್ಟರಲ್ಲಿ ಅಲ್ಲಿದ್ದ ಮಹಾಶಯರೊಬ್ಬರು ಮರಿಯನ್ನು ಕೈಗೆತ್ತಿಕೊಂಡರು. ಯೂಟ್ಯೂಬಿನಲ್ಲಿ ನೋಡಿದ್ದಾರಂತೆ. ಮರಿಯನ್ನು ಅಂಗಾತ ಮಾಡಿ, ಬಾಲದ ಬುಡವನ್ನು ಹಿಂದಕ್ಕೆ ಬಗ್ಗಿಸಿ, ಹೆಬ್ಬೆರಳಿನಿಂದ ಒತ್ತಲು ಶುರು. "ಗಂಡಾದ್ರೆ ಹೊರಗೆ ಬರುತ್ತೆ, ನೋಡಿ ನೋಡಿ" ಅಂತ ಮಕ್ಕಳಿಗೆ ಪಾಠ ಬೇರೆ. ನಾನು ಮರಿಯನ್ನು ಕಿತ್ತುಕೊಂಡೆ. ಸ್ವಲ್ಪ ಜೋರಾಗಿಯೇ ಮಾತಾಡಿದೆ. ನನ್ನವಳು ಕಣ್ಣಲ್ಲೇ ಸಾಕು ಅಂದಳು. ಸಾಕು ಮಾಡಲಿಲ್ಲ.

ಇದಕ್ಕೆ ಪಾಪಿಂಗ್ ಅನ್ನುತ್ತಾರೆ. ಗಂಡು ಹಾವಿಗೆ ಎರಡು ಜನನಾಂಗ. ಎರಡೂ ಬಾಲದೊಳಗೆ, ಒಳಗೆ ಮಗುಚಿಟ್ಟ ಕಾಲುಚೀಲದ ಹಾಗೆ ಮಲಗಿರುತ್ತವೆ. ಮೊಟ್ಟೆಯಿಂದ ಬಂದ ಹೊಸತರಲ್ಲಿ ಸರಿಯಾದ ಜಾಗದಲ್ಲಿ ಹದವಾಗಿ ಒತ್ತಿದರೆ ಕೆಂಪಗೆ ಹೊರಗೆ ಇಣುಕುತ್ತವೆ. ಹಾವಿನ ಸಂತಾನ ಮಾಡಿಸುವವರು, ಕೈ ಪಳಗಿದವರು, ಇದನ್ನು ಮಾಡುತ್ತಾರೆ. ಹದ ತಪ್ಪಿದರೆ ಬಾಲದ ಮೂಳೆಗೆ, ಒಳಗಿನ ಅಂಗಕ್ಕೆ ಪೆಟ್ಟು. ಅದೂ ಹೋಗಲಿ. ಹೊರಗೆ ಬಂದರೆ ಗಂಡು, ಸರಿ. ಬರದಿದ್ದರೆ? "ಹೆಣ್ಣು" ಅಂತ ತೀರ್ಪು. ಮರಿ ಬಿಗಿ ಹಿಡಿದಿರಬಹುದು, ಒತ್ತಿದ ಜಾಗ ತಪ್ಪಿರಬಹುದು. ಅಷ್ಟಕ್ಕಾಗಿ ಇನ್ನೊಂದು ಸಲ ಒತ್ತುತ್ತಾರೆ, ಮತ್ತೊಂದು ಸಲ, ಇನ್ನೂ ಜೋರಾಗಿ. ಮೈ ತಣ್ಣಗಾಗಿ ಮಂಕಾಗಿ ಬಿದ್ದಿರುವ ಮರಿಯ ಮೇಲೆ ಈ ಪ್ರಯೋಗ!

ಊರಲ್ಲಿ 1994ರಲ್ಲೇ ಕಾನೂನು ಬಂತು. ಸ್ಕ್ಯಾನಿಂಗ್ ಸೆಂಟರಿನ ಗೋಡೆ ಗೋಡೆಯ ಮೇಲೂ "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ" ಅಂತ ಬೋರ್ಡು. ಸಮುದ್ರ ದಾಟಿ ಬಂದು ಆ ಕುತೂಹಲವನ್ನೆಲ್ಲ ಹಾವಿನ ಮರಿಯ ಮೇಲೆ ತೀರಿಸಿಕೊಳ್ಳುತ್ತಿದ್ದೇವೆ ಅನ್ನಿಸುತ್ತದೆ.

ಊಟದ ಹೊತ್ತಿಗೆ ಇನ್ನೊಂದು ಜ್ಞಾನ ಬಂತು. "ಮೊಟ್ಟೆಗೆ ಬಿಸಿ ಜಾಸ್ತಿ ಆದ್ರೆ ಒಂದು, ಕಮ್ಮಿ ಆದ್ರೆ ಇನ್ನೊಂದು, ಅಲ್ವಾ?" ಅಲ್ಲ. ಅದು ಮೊಸಳೆಗಳ, ಎಷ್ಟೋ ಜಾತಿ ಆಮೆಗಳ ಕಥೆ. ಹಾವಿನಲ್ಲಿ ಕ್ರೋಮೋಸೋಮಿನದೇ ತೀರ್ಮಾನ. ಕಾರ್ನ್ ಸ್ನೇಕ್‌ನಲ್ಲಿ ಗಂಡು ZZ ಅನ್ನುವ ಬದಲು ಕನ್ನಡದಲ್ಲೇ ಹೇಳುತ್ತೇನೆ: ಗಂಡಿಗೆ ಝಡ್ ಎರಡು, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯೂ. ಅಂದರೆ ಮರಿ ಗಂಡೋ ಹೆಣ್ಣೋ ಅನ್ನುವುದು ತಾಯಿಯಿಂದ ಬರುತ್ತದೆ. ನಮ್ಮಲ್ಲಿ ಅದು ಅಪ್ಪನಿಂದ ಬರುತ್ತದೆ, ಆದರೂ ಬೈಸಿಕೊಳ್ಳುವವಳು ಅಮ್ಮ. ಹಾವುಗಳಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. (ಕೆಲವು ಹೆಬ್ಬಾವು, ಬೋವಾಗಳಲ್ಲಿ ನಮ್ಮ ಹಾಗೆ ಎಕ್ಸ್-ವೈ ಇದೆ ಅಂತ 2017ರಲ್ಲಿ ಗೊತ್ತಾಯಿತು. ಅದು ಬೇರೆ ವಿಷಯ.)

ಈಗ ಬಿಸಿಯ ವಿಷಯಕ್ಕೆ ಬರುತ್ತೇನೆ. ನನ್ನ ತಕರಾರು ಇರುವುದೇ ಅಲ್ಲಿ.

"ಕಾಡಲ್ಲಿ ಇದಕ್ಕೆ ಯಾರು ಹೀಟರ್ ಹಾಕ್ತಾರೆ ಮಾರಾಯ? ಚಳಿಗಾಲದಲ್ಲಿ ಮಲಗೋದು ಹಾವಿನ ಗುಣ ತಾನೆ?" ಅಂದರು ಗೆಳೆಯರು. ಮಾತಿನಲ್ಲಿ ಸತ್ಯ ಇಲ್ಲದೇ ಇಲ್ಲ. ನಮ್ಮ ಉತ್ತರಕ್ಕೇ ಕೆನಡಾದ ಮ್ಯಾನಿಟೋಬಾ. ಅಲ್ಲಿ ನಾರ್ಸಿಸ್ ಅನ್ನುವ ಕಡೆ ಸುಣ್ಣಕಲ್ಲಿನ ಬಿರುಕುಗಳೊಳಗೆ ಗಾರ್ಟರ್ ಹಾವುಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಚಳಿಗಾಲ ಕಳೆಯುತ್ತವೆ. ಆದರೆ ಅವು ಕಿಟಕಿಯ ಪಕ್ಕ ಮಲಗುವುದಿಲ್ಲ ಸ್ವಾಮಿ! ಮಂಜು ಇಳಿಯದಷ್ಟು ಆಳಕ್ಕೆ ಹೋಗುತ್ತವೆ. ಇನ್ನು ಕಾರ್ನ್ ಸ್ನೇಕ್ ಮಿನೆಸೋಟಾದ್ದೇ ಅಲ್ಲ. ಅದು ಫ್ಲೋರಿಡಾ, ಜಾರ್ಜಿಯಾ ಕಡೆಯ ಪ್ರಾಣಿ. ಫ್ಲೋರಿಡಾದಲ್ಲೇ 2010ರ ಜನವರಿಯಲ್ಲಿ ಚಳಿ ಬಿದ್ದಾಗ ಎವರ್‌ಗ್ಲೇಡ್ಸ್‌ನಲ್ಲಿ ಬಿಡಾರ ಹೂಡಿದ್ದ ಬರ್ಮಾ ಹೆಬ್ಬಾವುಗಳು ಎಷ್ಟೋ ಸತ್ತವು. "ಹಾವಿನ ಗುಣ" ಅನ್ನುವುದು ಎಲ್ಲ ಹಾವಿಗೂ ಒಂದೇ ಅಲ್ಲ.

ನಿಜವಾದ ತೊಂದರೆ ಇನ್ನೂ ಸರಳವಾದದ್ದು. ನಮ್ಮ ಮನೆಗಳಲ್ಲಿ ರಾತ್ರಿ ಸುಮಾರು 20 ಡಿಗ್ರಿ ಇಡುತ್ತೇವೆ. ಹಾವು ಸರಿಯಾಗಿ ನಿದ್ದೆಗೆ ಜಾರಬೇಕಾದರೆ 10ರಿಂದ 15 ಬೇಕು. ತಿಂದದ್ದು ಅರಗಬೇಕಾದರೆ ತೊಟ್ಟಿಯ ಬೆಚ್ಚಗಿನ ಬದಿಯಲ್ಲಿ 28ರಿಂದ 30 ಬೇಕು. ಇಪ್ಪತ್ತರಲ್ಲೇ ಹಗಲೂ ರಾತ್ರಿ ಬಿದ್ದಿದ್ದರೆ ಅತ್ತ ನಿದ್ದೆಯೂ ಇಲ್ಲ, ಇತ್ತ ಊಟವೂ ಇಲ್ಲ. ತಿಂದ ಇಲಿಮರಿ ಹೊಟ್ಟೆಯಲ್ಲೇ ಕೊಳೆಯುತ್ತದೆ, ಇಲ್ಲವೇ ಕಕ್ಕಿಬಿಡುತ್ತದೆ. ಆಮೇಲೆ ಬಾಯಲ್ಲಿ ನೊರೆ, ಉಸಿರಿನಲ್ಲಿ ಗೊರಗೊರ. ಶ್ವಾಸಕೋಶದ ಸೋಂಕು ಅಂದರೆ ಅದೇ. ಹಾವಿನ ಡಾಕ್ಟರ್ ಹುಡುಕಿಕೊಂಡು ಹೋಗಬೇಕು, ಎಲ್ಲ ಕಡೆ ಸಿಗುವುದಿಲ್ಲ.

ಬೇಕೆಂದೇ ಚಳಿಗೆ ಮಲಗಿಸುವವರೂ ಇದ್ದಾರೆ, ಸಂತಾನ ಮಾಡಿಸುವವರು. ಅವರು ದೊಡ್ಡ, ಮೈ ತುಂಬಿದ ಹಾವನ್ನು ಎರಡು ಮೂರು ವಾರ ಉಪವಾಸ ಇಟ್ಟು, ಹೊಟ್ಟೆ ಖಾಲಿ ಮಾಡಿಸಿ, ನಿಧಾನವಾಗಿ ತಂಪು ಮಾಡುತ್ತಾರೆ. ನೀರು ಇಟ್ಟಿರುತ್ತಾರೆ. ಮೊದಲ ವರ್ಷದ ಮರಿಗೆ ಅದರ ಗೊಡವೆಯೇ ಬೇಡ. ಅದರ ಕೆಲಸ ತಿನ್ನುವುದು, ಬೆಳೆಯುವುದು, ಪೊರೆ ಬಿಡುವುದು. ಅಷ್ಟೇ.

ಮಾಡಬೇಕಾದದ್ದು ದೊಡ್ಡದೇನಲ್ಲ. ತೊಟ್ಟಿಯನ್ನು ಒಳಗೋಡೆಯ ಕಡೆ ಸರಿಸಿ. ಹೀಟ್ ಮ್ಯಾಟ್ ತಳದ ಮೂರನೇ ಒಂದು ಭಾಗಕ್ಕೆ ಸಾಕು, ಇನ್ನೊಂದು ಬದಿ ತಂಪಾಗಿರಲಿ. ಬಿಸಿ ಬೇಕಾದಾಗ ಅದೇ ಆ ಕಡೆ ಹೋಗುತ್ತದೆ, ಅಷ್ಟು ಬುದ್ಧಿ ಅದಕ್ಕಿದೆ. ಬಿಸಿ ಹದ ಮೀರದಂತೆ ನೋಡಿಕೊಳ್ಳುವ ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಾಕಲೇಬೇಡಿ, ಹೊಟ್ಟೆ ಸುಟ್ಟುಕೊಂಡ ಹಾವುಗಳನ್ನು ನೋಡಿದ್ದೇನೆ. ಬಿಸಿಯಾಗುವ ಕಲ್ಲು ಅಂತ ಮಾರುತ್ತಾರಲ್ಲ, ಅದಂತೂ ಬೇಡವೇ ಬೇಡ.

ಇಲ್ಲಿಯ ಚಳಿಗಾಲದ ಇನ್ನೊಂದು ಕಾಟ ಒಣಗಾಳಿ. ಫರ್ನೇಸ್ ಓಡುತ್ತಿದ್ದರೆ ನಮ್ಮ ತುಟಿಯೇ ಒಡೆಯುತ್ತದೆ. ಹಾವಿನ ಪೊರೆ ಒಂದೇ ಉದ್ದಕ್ಕೆ ಬರದೆ ಚೂರು ಚೂರಾಗಿ ಅಂಟಿಕೊಳ್ಳುತ್ತದೆ. ಬಾಲದ ತುದಿಯಲ್ಲಿ ಉಳಿದರೆ ರಕ್ತ ಓಡದೆ ಆ ತುದಿಯೇ ಒಣಗಿ ಹೋಗಬಹುದು. ಒಂದು ಮುಚ್ಚಳದ ಡಬ್ಬಿಗೆ ತೂತು ಮಾಡಿ, ಒಳಗೆ ಒದ್ದೆ ಪಾಚಿ ಹಾಕಿಡಿ. ಪೊರೆ ಬಿಡುವ ಮುಂಚೆ ಕಣ್ಣು ನೀಲಿಗಟ್ಟಿದಾಗ ಮರಿ ತಾನೇ ಅದರೊಳಗೆ ಹೋಗಿ ಕೂರುತ್ತದೆ. ನಮ್ಮ ಮನೆಯ ಹಾವು ಮೂಗಿನ ತುದಿಯನ್ನು ಡಬ್ಬಿಯ ಅಂಚಿಗೆ ಉಜ್ಜಿ ಉಜ್ಜಿ, ತುಟಿಯ ಹತ್ತಿರ ಪೊರೆ ಬಿಡಿಸಿಕೊಂಡು, ಆಮೇಲೆ ಒಂದೇ ಸಮನೆ ಮುಂದಕ್ಕೆ ತೆವಳುತ್ತದೆ. ಹಿಂದೆ ಪೊರೆ ಒಳಹೊರಗಾಗಿ ಬಿಚ್ಚಿಕೊಳ್ಳುತ್ತಾ ಬರುತ್ತದೆ, ಕಣ್ಣಿನ ಮೇಲಿನ ಪುಟ್ಟ ಗುಂಡು ಗಾಜು ಸಮೇತ. ನೋಡುತ್ತಾ ಕೂತರೆ ಆಫೀಸಿನ ಮೀಟಿಂಗ್ ಮರೆತುಹೋಗುತ್ತದೆ.

ಕರೆಂಟ್ ಹೋದರೆ? 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನವರು ಅನುಭವಿಸಿದ್ದು ನೆನಪಿರಬೇಕು. ಹಾವನ್ನು ಬಟ್ಟೆಯ ಚೀಲಕ್ಕೆ ಹಾಕಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಟ್ಟು, ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ. ಗಾಳಿಗೆ ಜಾಗ ಇರಲಿ. ಊಟ ಮಾತ್ರ ಕೊಡಬೇಡಿ.

ಊಟ ಅಂದಾಗ ಒಂದು ಮಾತು. ನಾನು ಮೊಟ್ಟೆ ಕೂಡ ಮುಟ್ಟದ ಮನೆಯಿಂದ ಬಂದವನು ಅಂತ ನಿಮಗೆಲ್ಲ ಗೊತ್ತು. ನಮ್ಮ ಫ್ರೀಜರಿನಲ್ಲಿ ತೆಂಗಿನ ತುರಿಯ ಪ್ಯಾಕೆಟ್ಟಿನ ಪಕ್ಕ ಡಬ್ಬಿಯೊಂದಿದೆ. ಅದರೊಳಗೆ ಏನಿದೆ ಅಂತ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಹಾವು ಸಾಕಿದ್ದೇನೆ ಅಂದಾಗಲೇ "ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸ್ಕೊಂಡು ಬಾ ಮಗಾ" ಅಂದಿದ್ದಳು. ಇಲಿಯ ವಿಷಯ ಗೊತ್ತಾದರೆ ಇನ್ನು ಯಾವ ಕ್ಷೇತ್ರಕ್ಕೆ ಕಳಿಸುತ್ತಾಳೋ. ಬಿಸಿನೀರಿನ ಲೋಟದಲ್ಲಿ ಆ ಗುಲಾಬಿ ಇಲಿಮರಿಯ ಮಂಜು ಕರಗುವಾಗ ಇವತ್ತಿಗೂ ನಾನು ಬೇರೆ ಕಡೆ ನೋಡುತ್ತೇನೆ. ಆದರೂ ಕೊಡುತ್ತೇನೆ. ಹಾವಿಗೆ ಹುಳಿಯನ್ನ ಹಾಕಲಾಗುವುದಿಲ್ಲವಲ್ಲ.

ಮತ್ತೆ ಗಂಡು-ಹೆಣ್ಣಿಗೇ ಬರುತ್ತೇನೆ, ಯಾಕೆಂದರೆ ಕಮೆಂಟಿನಲ್ಲಿ ಯಾರಾದರೂ ಬರೆದೇ ಬರೆಯುತ್ತೀರಿ: "ಹೆಣ್ಣಾದ್ರೆ ಗಂಡಿನ ಜೊತೆ ಸೇರದೇನೂ ಮೊಟ್ಟೆ ಇಡುತ್ತೆ, ಮೊಟ್ಟೆ ಸಿಕ್ಕಿಹಾಕಿಕೊಂಡ್ರೆ ಜೀವಕ್ಕೇ ಅಪಾಯ, ಗೊತ್ತಿರಬೇಡ್ವಾ?" ಒಪ್ಪಿದೆ. ಆದರೆ ಅದು ಎರಡು ಮೂರು ವರ್ಷ ಕಳೆದ ಮೇಲಿನ ಚಿಂತೆ. ಅಷ್ಟು ಹೊತ್ತಿಗೆ ಬಾಲವೇ ಹೇಳುತ್ತದೆ. ಗಂಡಿನ ಬಾಲ ಉದ್ದ, ಬುಡದಲ್ಲಿ ದಪ್ಪ, ಆ ದಪ್ಪ ಸ್ವಲ್ಪ ದೂರ ಹಾಗೇ ಹೋಗುತ್ತದೆ. ಹೆಣ್ಣಿನದು ಗುದದ್ವಾರ ದಾಟಿದ ಕೂಡಲೇ ಸಣ್ಣಗಾಗುತ್ತದೆ. ಅನುಮಾನ ಇದ್ದರೆ ಡಾಕ್ಟರು ಮೊಂಡು ತುದಿಯ ತೆಳ್ಳನೆ ಸ್ಟೀಲ್ ಕಡ್ಡಿಗೆ ಜೆಲ್ ಸವರಿ, ಬಾಲದ ಕಡೆಗೆ ಮೆಲ್ಲಗೆ ತೂರಿಸಿ ನೋಡುತ್ತಾರೆ. ಹೆಣ್ಣಿನಲ್ಲಿ ಎರಡು ಮೂರು ಹುರುಪೆಯಷ್ಟು ಹೋಗಿ ನಿಲ್ಲುತ್ತದೆ, ಗಂಡಿನಲ್ಲಿ ಆರೇಳು ದಾಟುತ್ತದೆ. ಅದನ್ನೂ ಮನೆಯಲ್ಲಿ ಮಾಡಲು ಹೋಗಬೇಡಿ, ಕಡ್ಡಿಗಳ ಸೆಟ್ ಆನ್‌ಲೈನಿನಲ್ಲಿ ಸಿಗುತ್ತದೆ ಅಂದಮಾತ್ರಕ್ಕೆ. "ಎರಡು ಮರಿ ಒಟ್ಟಿಗೆ ಇಡ್ತೀವಿ, ಅದಕ್ಕೆ ಗೊತ್ತಾಗಬೇಕು" ಅನ್ನುವವರಿಗೆ: ಒಟ್ಟಿಗೆ ಇಡಲೇಬೇಡಿ. ಒಂದನ್ನೊಂದು ನುಂಗಿದ ಉದಾಹರಣೆಗಳಿವೆ.

ನಮ್ಮ ಮನೆಯದು ಗಂಡೋ ಹೆಣ್ಣೋ ಅಂತ ನಾನು ಹೇಳುವುದಿಲ್ಲ. ಹಟ ಅಂದುಕೊಳ್ಳಿ.

ಊರಿನವರಿಗೆ ಒಂದು ಎಚ್ಚರಿಕೆ: ಇದನ್ನು ಓದಿ ಉತ್ಸಾಹ ಬಂದು ತೋಟದ ಕೇರೆ ಮರಿಯನ್ನು ಡಬ್ಬಿಗೆ ಹಾಕಿಕೊಳ್ಳಬೇಡಿ. ನಮ್ಮ ನೆಲದ ಹಾವು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅದು ತೋಟದಲ್ಲೇ ಇಲಿ ಹಿಡಿದುಕೊಂಡು ಸುಖವಾಗಿದೆ.

ನನ್ನ ಹತ್ತಿರ ಹೆಚ್ಚುವರಿ ಥರ್ಮೋಸ್ಟಾಟ್ ಒಂದು ಸುಮ್ನೆ ಬಿದ್ದಿದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹತ್ತಿರದಲ್ಲಿ ಯಾರಿಗಾದರೂ ಬೇಕಿದ್ದರೆ ಶನಿವಾರ ಮನೆಗೆ ಬನ್ನಿ. ದುಡ್ಡು ಬೇಡ. ಅಪ್ಪೆಮಿಡಿ ಉಪ್ಪಿನಕಾಯಿ ಇದ್ದರೆ ಬೇಡ ಅನ್ನುವುದಿಲ್ಲ.